ಪದ ಬೇಕು: ಸೆನ್ಸಾರ್ ದಾಟಿಸುವ 'ವೆಬ್ ಪ್ರಾಕ್ಸಿ'ಗೆ ಕನ್ನಡದಲ್ಲಿ ಏನೆನ್ನೋಣ?

(ಶಿವಮೊಗ್ಗದಿಂದ)
ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ. ಕಾಲೇಜಿನ ತಂತ್ರಾಂಶ ಕಮ್ಮಟಕ್ಕೆ ಭಿತ್ತಿಪತ್ರ ಬರೆಯುತ್ತಿದ್ದೇನೆ, ನಾಳೆ ಬೆಳಿಗ್ಗೆ ಪ್ರೆಸ್ಸಿಗೆ ಹೋಗಬೇಕು. ವಿಷಯ ಸೈಫನ್ನಿನ ಮೊದಲ ರೂಪ. ಟೊರಾಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್ 2006ರ ಡಿಸೆಂಬರ್‌ನಲ್ಲಿ ಹೊರತಂದ ವೆಬ್ ಪ್ರಾಕ್ಸಿ ಅದು, ಅಂದರೆ ಕೇಳಿದ ಪುಟವನ್ನು ನಮ್ಮ ಪರವಾಗಿ ತಂದುಕೊಡುವ ನಡುವಿನ ತಂತ್ರಾಂಶ. ನಿರ್ಬಂಧವಿಲ್ಲದ ದೇಶದಲ್ಲಿರುವವರು ಮನೆಯ ಕಂಪ್ಯೂಟರಿನಲ್ಲಿ ಅದನ್ನು ಹಾಕಿಕೊಂಡು, ನಿರ್ಬಂಧವಿರುವ ಕಡೆಯ ನಂಬಿಕಸ್ತರಿಗೆ ಮಾತ್ರ ವಿಳಾಸ, ಪಾಸ್‌ವರ್ಡ್ ತಿಳಿಸುತ್ತಿದ್ದರು. ಆ ಕಡೆಯವರಿಗೆ ಬ್ರೌಸರ್ ಒಂದಿದ್ದರೆ ಸಾಕಾಗಿತ್ತು. ಸಂಪರ್ಕ 443ನೇ ಪೋರ್ಟಿನಲ್ಲಿ (ಸುರಕ್ಷಿತ ಜಾಲತಾಣಗಳ ಸಂಪರ್ಕಕ್ಕೆ ಮೀಸಲಾದ ಬಾಗಿಲಿನ ಸಂಖ್ಯೆ) ಗೂಢಲಿಪಿಯಾಗಿ ಸಾಗುತ್ತಿತ್ತು, ಬ್ಯಾಂಕಿನ ಜಾಲತಾಣ ತೆರೆದಾಗಲೂ ಹೀಗೆಯೇ. ವಿಳಾಸಗಳ ಪಟ್ಟಿ ಎಲ್ಲೂ ಪ್ರಕಟವಾಗದ ಕಾರಣ ಎಲ್ಲವನ್ನೂ ಒಟ್ಟಿಗೆ ತಡೆಯುವುದು ಕಷ್ಟವಾಗಿತ್ತು.

ಬೇಕಾದ ಪದಗಳು: ಪ್ರಾಕ್ಸಿ, ಅಂತರ್ಜಾಲದ ತಡೆಯನ್ನು ದಾಟುವ ಕ್ರಿಯೆ, ಸಂಪರ್ಕ ಕೊಡುವವರು ಮತ್ತು ಪಡೆಯುವವರು. ಮೂಲದಲ್ಲಿ ಇವರಿಬ್ಬರು ಸೈಫನೋಡ್, ಸೈಫನೈಟ್. ಆತಿಥೇಯ, ಅತಿಥಿ ಎಂದರೆ ಆದೀತೆ?

'ಪ್ರಾಕ್ಸಿ' ಅಂದರೆ ನಮ್ಮ ಹುಡುಗರಿಗೆ ಗೆಳೆಯನ ಹಾಜರಿಗೆ 'ಎಸ್ ಸಾರ್' ಅನ್ನುವುದು. 'ಕಳ್ಳದಾರಿ', 'ಅಡ್ಡದಾರಿ' ದಯವಿಟ್ಟು ಬೇಡ. ಸುದ್ದಿ ಓದಲು ಹೊರಟವರಿಗೆ ಕಳ್ಳರ ಹೆಸರು ಏಕೆ? ಇರಾನಿನ ಜನ 'ಫಿಲ್ಟರ್‌ಶೆಕನ್' ಎನ್ನುತ್ತಾರೆ, ಫಿಲ್ಟರ್ ಮುರಿಯುವಂಥದ್ದು. ಚೀನಾದಲ್ಲಿ 'ಫಾನ್ ಚಿಯಾಂಗ್', ಗೋಡೆ ಹತ್ತಿ ದಾಟುವುದು. ತಡೆಯ ಒಳಗೆ ಬದುಕುವವರ ಬಾಯಲ್ಲಿ ಓಡಾಡುವ ಮಾತುಗಳಿವು, ತಲೆ ತಗ್ಗಿಸುವ ಧ್ವನಿ ಎರಡರಲ್ಲೂ ಇಲ್ಲ. ನಮ್ಮಲ್ಲಿ 'ಬೇಲಿ ಹಾರು' ಅಂದರೆ ಅರ್ಥವೇ ಬೇರೆಯಾಗುತ್ತದೆ.

(ಮೈಸೂರಿನಿಂದ)
ಮೊದಲು 'ಅಂತರ್ಜಾಲ' ತಿದ್ದಿ. 'ಅಂತರ್' ಎಂದರೆ ಒಳಗೆ. ಜಾಲಜಾಲಗಳ ನಡುವಿನದು 'ಅಂತರಜಾಲ'. ಎಷ್ಟು ಸಲ ಹೇಳುವುದು?

ಇಂಗ್ಲಿಷಿನ ಪ್ರಾಕ್ಸಿ 'ಪ್ರೊಕ್ಯುರಸಿ' ಸವೆದು ಆದದ್ದು, ಒಬ್ಬರ ಪರವಾಗಿ ವ್ಯವಹರಿಸುವ ಅಧಿಕಾರ. ನಮ್ಮಲ್ಲಿ ಅದಕ್ಕೆ 'ವಕಾಲತ್ತು' ಇದ್ದೇ ಇದೆ. ಅರಬ್ಬಿಯಲ್ಲಿ ಪ್ರಾಕ್ಸಿ ಸರ್ವರ್‌ಗೆ ಇಂದಿಗೂ 'ವಕೀಲ್' ಪದವೇ. 'ವಕೀಲ ಸರ್ವರ್' ಎನ್ನಿ. 'ಅತಿಥಿ' ಆಗದು. ತಿಥಿ ಗೊತ್ತುಮಾಡದೆ ಬರುವವನು ಅತಿಥಿ. ಇಲ್ಲಿ ಕರೆಯಿಲ್ಲದೆ ಯಾರೂ ಬರುವಂತಿಲ್ಲ.

(ಧಾರವಾಡದಿಂದ)
ಅರಬ್ಬಿ ಬಿಟ್ಟರೆ ಸಂಸ್ಕ್ರುತ, ಸಂಸ್ಕ್ರುತ ಬಿಟ್ಟರೆ ಇಂಗ್ಲಿಶ್. ನಮ್ಮ ಬಾಶೆಯ ಬೇರು ಯಾರಿಗೂ ಬೇಡ. 'ಸುತ್ತಿ ಬಳಸಿ ಮಾತಾಡಬೇಡ' ಅನ್ನುತ್ತೇವಲ್ಲ, ಆ 'ಬಳಸು' ತೆಗೆದುಕೊಳ್ಳಿ. ತಡೆಯನ್ನು ಬಳಸಿ ಹೋಗುವುದು 'ಬಳಸುದಾರಿ'. ಪ್ರಾಕ್ಸಿಗೆ 'ಬದಲಿಗ'. ಕರೆಸಿಕೊಂಡು ಬಂದವರಿಗೆ ಹಳಗನ್ನಡದ 'ಬಿದ್ದಿನ' ಇದೆ. ತಮಿಳಿನ ವಿರುಂದು, ತೆಲುಗಿನ ವಿಂದು ಅದರ ಒಡಹುಟ್ಟುಗಳು. ಅಂತರ್ಜಾಲವೂ ಬೇಡ, ಅಂತರಜಾಲವೂ ಬೇಡ, 'ಮಿಂಬಲೆ' ಸಾಕು.

(ಮೈಸೂರಿನಿಂದ)
'ಬದಲಿ' ಅರಬ್ಬಿಯ 'ಬದಲ್'. ನಿಘಂಟು ತೆರೆದು ಬರೆಯಿರಿ.

(ಧಾರವಾಡದಿಂದ)
ತಲೆಮಾರುಗಳಿಂದ ಹಳ್ಳಿಯವರ ಬಾಯಲ್ಲಿರುವ ಪದ ಕನ್ನಡದ್ದೇ.

(ಮೈಸೂರಿನಿಂದ)
ಹಾಗಾದರೆ 'ವಕೀಲ' ಯಾಕಾಗದು? ಕೋರ್ಟು ಕಚೇರಿ ಅಲೆದ ಯಾವ ಹಳ್ಳಿಯವರನ್ನಾದರೂ ಕೇಳಿ.

(ಬೆಂಗಳೂರಿನಿಂದ)
ನಾನು ನೆಟ್‌ವರ್ಕ್ ಕೆಲಸದವನು. 'ವಕೀಲ' ಅಂದರೆ ಕಪ್ಪು ಕೋಟು ಕಾಣುತ್ತದೆ, 'ಬಿದ್ದಿನ' ಅಂದರೆ ಎಲ್ಲಿ ಬಿದ್ದ ಎಂದು ಕೇಳುತ್ತಾರೆ. ಕನ್ನಡಕ್ಕೆ ಬದಲಿಸಿದ ಮೊಬೈಲಿನ ವೈ-ಫೈ ಸೆಟ್ಟಿಂಗ್ ತೆರೆದು ನೋಡಿ, 'ಪ್ರಾಕ್ಸಿ' ಎಂದೇ ಇದೆ. ಅದನ್ನು ಹುಡುಕಿ ಒತ್ತಬೇಕಾದವರಿಗೆ ಬೇರೆ ಹೆಸರು ಹೇಳಿಕೊಟ್ಟು ದಾರಿ ತಪ್ಪಿಸಬೇಡಿ.

ಶಿವಮೊಗ್ಗದವರಿಗೆ ಇನ್ನೊಂದು ಮಾತು. ವೆಬ್ ಪ್ರಾಕ್ಸಿಯ ನಿಜವಾದ ಕೆಲಸ ಪುಟ ತಂದುಕೊಡುವುದರಲ್ಲಿ ಮುಗಿಯುವುದಿಲ್ಲ. ಪುಟದೊಳಗಿನ ಪ್ರತಿ ಕೊಂಡಿಯನ್ನೂ ತಿದ್ದಿ, ಮುಂದಿನ ಕ್ಲಿಕ್ ಕೂಡ ತನ್ನ ಮೂಲಕವೇ ಹೋಗುವಂತೆ ಮಾಡಬೇಕು. ಒಂದೇ ಒಂದು ಚಿತ್ರದ ವಿಳಾಸ ತಿದ್ದದೆ ಉಳಿದರೂ ಬ್ರೌಸರ್ ಅದನ್ನು ತರಲು ನೇರವಾಗಿ ನಿಷೇಧಿತ ತಾಣಕ್ಕೇ ಹೋಗುತ್ತದೆ. ಸಿಕ್ಕಿಬೀಳುವುದು ಅಲ್ಲಿ. ಗೂಢಲಿಪಿ ಬಿಚ್ಚಿಕೊಳ್ಳುವುದು ಸಂಪರ್ಕ ಕೊಟ್ಟವರ ಕಂಪ್ಯೂಟರಿನಲ್ಲಿ. ಆ ಕಡೆಯವರು ಏನೇನು ಓದಿದರು ಎಂಬುದು ಇವರು ಬಯಸಿದರೆ ಕಾಣುತ್ತದೆ. ಪದ ಯಾವುದೇ ಇರಲಿ, ಇದನ್ನು ಬರೆಯದೆ ಬಿಡಬೇಡಿ.

(ಧಾರವಾಡದಿಂದ)
ಕಂಪನಿ ಅಚ್ಚು ಹಾಕಿದ ಮಾತ್ರಕ್ಕೆ ಕನ್ನಡ ಆಗುವುದಿಲ್ಲ. ಇಂದು ಪ್ರಾಕ್ಸಿ, ನಾಳೆ ಇಡೀ ಸಾಲು ಇಂಗ್ಲಿಶ್.

(ಶಿವಮೊಗ್ಗದಿಂದ)
ಎಲ್ಲರಿಗೂ ವಂದನೆ. ಪ್ರೆಸ್ಸಿನವರು ಕಾಯುತ್ತಿದ್ದಾರೆ, ಹೀಗೆ ಕಳಿಸುತ್ತಿದ್ದೇನೆ: 'ಪ್ರಾಕ್ಸಿ' ಹಾಗೇ ಇರುತ್ತದೆ. ದಾಟುವ ಕ್ರಿಯೆಗೆ ಧಾರವಾಡದವರ 'ಬಳಸುದಾರಿ'. 'ಬಳಸು' ಅಂದರೆ ಉಪಯೋಗಿಸು ಎಂಬ ಅರ್ಥವೇ ಹುಡುಗರಿಗೆ ಮೊದಲು ಹೊಳೆದೀತು, ಆದರೂ ಆ ಪದದಲ್ಲಿ ಕಳ್ಳತನದ ವಾಸನೆ ಇಲ್ಲ. ಇಬ್ಬರಿಗೆ 'ದಾರಿ ಕೊಡುವವರು', 'ಆಹ್ವಾನಿತರು'. ಅತಿಥಿಯ ಬಗ್ಗೆ ಮೈಸೂರಿನ ಮೇಷ್ಟ್ರು ಹೇಳಿದ್ದು ಸರಿ. ಕರೆದವರಷ್ಟೇ ಬರುವುದು ಈ ವಿನ್ಯಾಸದ ಜೀವಾಳ. 'ಅಂತರಜಾಲ' ಎಂದೂ ತಿದ್ದಿದ್ದೇನೆ.

ಬೆಂಗಳೂರಿನವರ ಮಾತನ್ನು ದಪ್ಪಕ್ಷರದಲ್ಲಿ ಹಾಕಿಸುತ್ತೇನೆ: 'ನೀವು ಓದುವುದೆಲ್ಲ ದಾರಿ ಕೊಡುವವರಿಗೆ ಕಾಣಬಹುದು. ಗುರುತಿಲ್ಲದವರ ದಾರಿ ಹಿಡಿಯಬೇಡಿ.' ಎರವಲು ಪದಗಳ ಜಗಳಕ್ಕೆ ಬೇರೆ ಎಳೆ ತೆರೆಯಿರಿ ಸಾರ್, ಕಮ್ಮಟ ಮುಗಿಸಿ ಅಲ್ಲಿಗೂ ಬರುತ್ತೇನೆ.