ಅಪ್‌ಡೇಟ್: ಔಟ್‌ಪುಟ್ ಶಾಫ್ಟ್ ಕೊನೆಗೂ ಬದಲಾಯಿತು

ಆಟೋಮ್ಯಾಟಿಕ್ ಗೇರ್‌ಬಾಕ್ಸಿನ ಹಿಂದಿನ ಕವರ್ ಬಿಚ್ಚಿ ಔಟ್‌ಪುಟ್ ಶಾಫ್ಟ್ (ಗೇರ್‌ಬಾಕ್ಸಿನಿಂದ ಚಕ್ರಗಳ ಕಡೆಗೆ ಶಕ್ತಿ ಒಯ್ಯುವ ದಂಡ) ಎಳೆದರೆ ಸಾಕಾ ಅಂತ ಕೇಳಿದ್ದೆ ಅಲ್ವಾ? ಸಾಕಾಗಲಿಲ್ಲ. ನನ್ನ ಗಾಡಿಯಲ್ಲಿ ಅದು ಮುಂದಿನಿಂದಲೇ ಬರಬೇಕು, ಹಾಗಾಗಿ ಗೇರ್‌ಬಾಕ್ಸ್ ಕೆಳಗಿಳಿಸಿ ಟಾರ್ಕ್ ಕನ್ವರ್ಟರ್ (ಎಂಜಿನ್ ಶಕ್ತಿಯನ್ನು ಎಣ್ಣೆಯ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ), ಆಯಿಲ್ ಪಂಪ್, ಕ್ಲಚ್ ಪ್ಯಾಕ್, ಪ್ಲಾನೆಟರಿ ಗೇರ್ ಎಲ್ಲ ತೆಗೆದ ಮೇಲಷ್ಟೇ ಶಾಫ್ಟ್ ಕೈಗೆ ಸಿಕ್ಕಿತು. ಅದರ ಸ್ಪ್ಲೈನ್ ಹಲ್ಲುಗಳು (ಪಕ್ಕದ ಭಾಗಕ್ಕೆ ಕಚ್ಚಿಕೊಳ್ಳುವ ಉದ್ದುದ್ದ ಹಲ್ಲುಗಳು) ಸವೆದು ಚೂಪಾಗಿದ್ದವು. ಹೆಜ್ಜೆಹೆಜ್ಜೆಗೂ ಫೋಟೋ ತೆಗೆದದ್ದೇ ಬಚಾವ್: ತೆಳ್ಳನೆಯ ಥ್ರಸ್ಟ್ ವಾಷರ್ (ತಿರುಗುವ ಭಾಗಗಳ ನಡುವೆ ಕೂರುವ ಬಳೆ) ಒಂದು ಎಣ್ಣೆಗೆ ಪಂಪಿನ ಹಿಂದೆ ಅಂಟಿಕೊಂಡಿತ್ತು, ನಾನು ಅದನ್ನು ಮರೆತೇ ಬಿಟ್ಟಿದ್ದೆ. ವಾಪಸ್ ಜೋಡಿಸುವಾಗ ಕನ್ವರ್ಟರನ್ನು ತಿರುಗಿಸುತ್ತಾ ಒತ್ತಿ, ಟಕ್ ಟಕ್ ಅಂತ ಪೂರ್ತಿ ಕೂತ ಮೇಲೇ ಬೋಲ್ಟ್ ಬಿಗಿದೆ. ಇಲ್ಲದಿದ್ದರೆ ಪಂಪ್ ಒಡೆಯುತ್ತದೆ. ಈಗ ಗಾಡಿ ಓಡ್ತಿದೆ. ರಿವರ್ಸ್ ಮಾತ್ರ ಸ್ವಲ್ಪ ತಡವಾಗಿ ಹಿಡಿಯುತ್ತದೆ, ನಾಳೆ ಆಯಿಲ್ ಮಟ್ಟ ನೋಡ್ತೀನಿ.