ಕಾರ್ಬನ್ ಉಕ್ಕಿನ ಸ್ಟಾಕ್‌ಮನ್ ಚಾಕು: ಬಳಸಿದವರು ಅನುಭವ ತಿಳಿಸಿ

ಕೇಳಿದವರು: ಲಿಂಗಸುಗೂರು ತಾಲ್ಲೂಕಿನ ಕುರಿ ಸಾಕಣೆದಾರರು

ನಮ್ಮಲ್ಲಿ ನಲವತ್ತರಷ್ಟು ಕೆಂಗುರಿಗಳಿವೆ, ಒಂದೆಕರೆ ನಿಂಬೆ ತೋಟವೂ ಇದೆ. ಅಮೆರಿಕದಲ್ಲಿರುವ ಸೋದರಮಾವನ ಮಗ ದೀಪಾವಳಿಗೆ ಬರುವವನಿದ್ದು, ಒಂದು ಸ್ಟಾಕ್‌ಮನ್ ಚಾಕು, ಅಂದರೆ ಮೂರಲಗಿನ ಮಡಚುವ ಜೇಬಿನ ಚಾಕು, ತರುತ್ತೇನೆಂದು ಹೇಳಿದ್ದಾನೆ. ಸ್ಟೇನ್‌ಲೆಸ್ ಬೇಡ, ಕಾರ್ಬನ್ ಉಕ್ಕಿನ ಅಲಗುಗಳೇ ಇರಲಿ ಎಂಬುದು ನನ್ನ ಆಸೆ. ಎಂಟು ಸಾವಿರದವರೆಗೆ ಕೊಡಬಲ್ಲೆ. ಯಾವ ಗಾತ್ರದ್ದು, ಯಾವ ಹಿಡಿಯದು, ಯಾರ ತಯಾರಿಕೆಯದು ಒಳ್ಳೆಯದೆಂದು ದಯವಿಟ್ಟು ತಿಳಿಸಿ.

ಮಸ್ಕಿಯಿಂದ

ಕಾರ್ಬನ್ ಉಕ್ಕಿನದನ್ನೇ ತರಿಸಿ, ಅದರಲ್ಲಿ ಎರಡು ಮಾತಿಲ್ಲ. ನಾನು ಬಳಸುತ್ತಿರುವುದು ಕೇಸ್ ಕಂಪನಿಯ ಹಳದಿ ಹಿಡಿಯ 3318 ಸಿವಿ. ಸಿವಿ ಎಂದರೆ ಕ್ರೋಮಿಯಂ, ವೆನೇಡಿಯಂ ಬೆರೆತ ಕಾರ್ಬನ್ ಉಕ್ಕು. ಮಳೆಗಾಲದಲ್ಲಿ ಎರೆಹೊಲದ ಕೆಸರಿನಲ್ಲಿ ಓಡಾಡಿ ಕುರಿಗಳ ಗೊರಸು ಮೆತ್ತಗಾಗುತ್ತದೆ, ಬೆಳೆದ ಅಂಚು ಒಳಕ್ಕೆ ಮಡಚಿಕೊಳ್ಳುತ್ತದೆ, ಅದರೊಳಗೆ ಕೆಸರು ಸಿಕ್ಕಿ ಕೊಳೆಯತೊಡಗುತ್ತದೆ. ಆ ಅಂಚನ್ನು ಹೆರೆಯಲು ಶೀಪ್ಸ್‌ಫುಟ್ ಅಲಗಿಗೆ ಸಾಟಿಯಾದದ್ದನ್ನು ನಾನು ಕಂಡಿಲ್ಲ. ಅದರ ಬಾಯಿ ನೇರವಾಗಿದ್ದು, ಬೆನ್ನು ತುದಿಯಲ್ಲಿ ಕೆಳಕ್ಕೆ ಇಳಿದಿರುವುದರಿಂದ, ಕುರಿ ಕಾಲು ಝಾಡಿಸಿದರೂ ಮೊನೆ ಹಸಿ ಮಾಂಸಕ್ಕೆ ಚುಚ್ಚುವುದಿಲ್ಲ.

ಆದ ನಷ್ಟವನ್ನೂ ಹೇಳಿಬಿಡುತ್ತೇನೆ. ಗೊರಸು ಹೆರೆದ ಮೇಲೆ ಕುರಿಗಳನ್ನು ಮೈಲುತುತ್ತದ ನೀರಿನಲ್ಲಿ ನಿಲ್ಲಿಸುವುದು ನಮ್ಮ ರೂಢಿ. ಒಮ್ಮೆ ಆ ನೀರಿನಿಂದ ಎದ್ದು ಬಂದ ಕುರಿಯ ಗೊರಸಿನಲ್ಲಿ ಉಳಿದಿದ್ದ ಚೂರನ್ನು ಕತ್ತರಿಸಿ, ಚಾಕನ್ನು ಬಂಡೆಯ ಮೇಲಿಟ್ಟು, ಮುಂದಿನ ಕುರಿಯನ್ನು ಹಿಡಿದು ತರುವಷ್ಟರಲ್ಲಿ ಅಲಗಿನ ಅರ್ಧಭಾಗ ತಾಮ್ರದ ಕೆಂಪಿಗೆ ತಿರುಗಿತ್ತು. ಮೈಲುತುತ್ತದ ನೀರು ಬಿದ್ದ ಕಡೆಯಲ್ಲೆಲ್ಲ ಕಬ್ಬಿಣ ಕರಗುತ್ತದೆ, ಅದರ ಜಾಗದಲ್ಲಿ ತಾಮ್ರ ಕೂರುತ್ತದೆ. ಬೆರಳಿನಿಂದ ತಿಕ್ಕಿದರೆ ಆ ಕೆಂಪು ಪದರ ಪುಡಿಯಾಗಿ ಎದ್ದುಬಂತು, ಕೆಳಗೆ ಉಕ್ಕು ಮಾಸಲು ಬೂದಿಬಣ್ಣವಾಗಿ ಸೂಜಿಮೊನೆಯಷ್ಟು ಸಣ್ಣ ಗುಳಿಗಳಾಗಿದ್ದವು. ಈಗ ಹೆರೆಯುವ ಕೆಲಸವೆಲ್ಲ ಮುಗಿದ ಮೇಲೆಯೇ ಮೈಲುತುತ್ತ ಕದಡುತ್ತೇವೆ. ಆ ಗುಳಿಗಳು ಇಂದಿಗೂ ಹಾಗೆಯೇ ಇವೆ, ಆದರೂ ಸಾಣೆಕಲ್ಲಿನ ಮೇಲೆ ನಾಲ್ಕು ಸಲ ಎಳೆದರೆ ಸಾಕು, ಆ ಅಲಗು ಮುಂಗೈ ಕೂದಲನ್ನು ಬೋಳಿಸುತ್ತದೆ. ನಮ್ಮ ಮನೆಯ ಯಾವ ಸ್ಟೇನ್‌ಲೆಸ್ ಚಾಕೂ ಈ ಮಾತಿಗೆ ಎದುರು ನಿಲ್ಲುವುದಿಲ್ಲ.

ಕುಷ್ಟಗಿಯಿಂದ

ಮಸ್ಕಿಯವರು ಅದೃಷ್ಟವಂತರು. ನಾನು ಇದೇ ಹಳದಿ ಹಿಡಿಯ ಚಾಕನ್ನು 7,400 ರೂಪಾಯಿಗೆ ಕೊಂಡೆ, ಇಂದು ಅದು ಟ್ರಂಕಿನಲ್ಲಿ ಬಿದ್ದಿದೆ. ನನ್ನದು ದಾಳಿಂಬೆ ತೋಟ. ದುಂಡಾಣು ಅಂಗಮಾರಿ ಬಂದ ಮೇಲೆ ಒಂದು ಗಿಡಕ್ಕೆ ತಾಗಿಸಿದ ಅಲಗನ್ನು ಸೋಂಕು ತೊಳೆಯದೆ ಮತ್ತೊಂದಕ್ಕೆ ತಾಗಿಸುವಂತಿಲ್ಲ. ತೋಟದವರೆಲ್ಲ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣದಲ್ಲಿ ಅದ್ದುತ್ತಾರೆ, ನಾನೂ ಅದನ್ನೇ ಮಾಡಿದೆ. ದಾಳಿಂಬೆ ಸಿಪ್ಪೆಯ ಒಗರಿಗೆ ಅಲಗು ಕಪ್ಪಾಗುವುದು ಸಹಜ, ಆ ಕಪ್ಪಿನಿಂದ ತೊಂದರೆಯೂ ಇಲ್ಲ. ಹೈಪೋಕ್ಲೋರೈಟ್ ಹಾಗಲ್ಲ. ಮೇಲಿನ ಕಪ್ಪನ್ನು ತಿಂದುಹಾಕಿ, ಅಲಗಿನ ಬುಡ ಸ್ಪ್ರಿಂಗಿಗೆ ಒತ್ತುವ ಸಂದಿಯಲ್ಲಿ ಕೂತು, ಒಳಗಿನಿಂದಲೇ ಕೊರೆಯಿತು. ಹೊರಗೆ ಒರೆಸಿ ಎಣ್ಣೆ ಹಚ್ಚುತ್ತಿದ್ದರೂ ಸಂದಿಯೊಳಗಿನ ತೇವ ಉಳಿಯುತ್ತಿತ್ತು. ಒಂದು ಹಂಗಾಮು ಮುಗಿಯುವಷ್ಟರಲ್ಲಿ ಮೊಂಡು ಮೊನೆಯ ಸ್ಪೇ ಅಲಗು ಕರಕರ ಎಂದು ತೆರೆದುಕೊಳ್ಳತೊಡಗಿತು.

ಪಟ್ಟಣದ ಸಾಣೆಯಂಗಡಿಯೊಂದಕ್ಕೆ ಕೊಟ್ಟೆ. ಅವರು ವಿದ್ಯುತ್ ಚಕ್ರಕ್ಕೆ ಹಿಡಿದು ಗುಳಿಗಳನ್ನು ಅಳಿಸುವಾಗ ಬಾಯಿಯುದ್ದಕ್ಕೂ ನೀಲಿಬಣ್ಣ ಬಂತು. ನೀಲಿ ಬಂದ ಕಡೆ ಉಕ್ಕಿನ ಹದ ಇಳಿದುಹೋಗಿರುತ್ತದೆ. ಅದಕ್ಕೆ 900 ರೂಪಾಯಿ ಕೊಟ್ಟೆ, ಬಸ್ ಖರ್ಚು ಬೇರೆ. ಈಗ ಆ ಬಾಯಿ ತೆಂಗಿನ ನಾರಿನ ಹಗ್ಗಕ್ಕೂ ಮಡಚಿಕೊಳ್ಳುತ್ತದೆ. ಸಿವಿ ಉಕ್ಕಿನಲ್ಲಿ ಕ್ರೋಮಿಯಂ ಇದೆ ಎಂದು ಯಾರಾದರೂ ಸಮಾಧಾನ ಹೇಳಿದರೆ ನಂಬಬೇಡಿ. ತುಕ್ಕು ತಡೆಯಬೇಕಾದರೆ ಹತ್ತೂವರೆ ಪ್ರತಿಶತದ ಮೇಲೆ ಕ್ರೋಮಿಯಂ ಬೇಕು, ಇದರಲ್ಲಿರುವುದು ಹೆಸರಿಗಷ್ಟೇ. ನಾನೀಗ ಬಕ್ ಕಂಪನಿಯ 301 ಬಳಸುತ್ತಿದ್ದೇನೆ. ಅದೂ ಮೂರಲಗಿನ ಸ್ಟಾಕ್‌ಮನ್ನೇ, ಆದರೆ ಸ್ಟೇನ್‌ಲೆಸ್, ಮತ್ತು ನನಗೆ ಅದರಿಂದ ನೆಮ್ಮದಿಯಿದೆ.

ಮಸ್ಕಿಯಿಂದ

ಅಣ್ಣನವರೇ, ಬ್ಲೀಚಿಂಗ್ ನೀರಿನಲ್ಲಿ ಅದ್ದಿದರೆ ಯಾವ ಕಾರ್ಬನ್ ಉಕ್ಕು ಉಳಿದೀತು? ಗಿಡದಿಂದ ಗಿಡಕ್ಕೆ ಹೋಗುವಾಗ ಸ್ಪಿರಿಟ್ ಬಟ್ಟೆಯಿಂದ ಒರೆಸಬಹುದಿತ್ತಲ್ಲ. ಚಾಕಿನ ಮೇಲೆ ಅಪವಾದ ಹೊರಿಸುವುದು ನ್ಯಾಯವಲ್ಲ.

ಕುಷ್ಟಗಿಯಿಂದ

ಸ್ಪಿರಿಟ್‌ನ ಬೆಲೆ ತಮಗೆ ಗೊತ್ತಿದ್ದಂತಿಲ್ಲ. ಸಾವಿರದಷ್ಟು ಗಿಡಗಳಿರುವ ತೋಟದಲ್ಲಿ ಗಿಡಕ್ಕೊಮ್ಮೆ ಒರೆಸಿ ನೋಡಿ, ಆಮೇಲೆ ನ್ಯಾಯದ ಮಾತು ಆಡಿ. ಮೈಲುತುತ್ತಕ್ಕೆ ತಾಗಿಸಿ ಅಲಗು ಕೆಡಿಸಿಕೊಂಡವರಿಂದ ನಾನು ಈ ಪಾಠ ಕೇಳಬೇಕಿಲ್ಲ.

ಬಳ್ಳಾರಿಯಿಂದ

ಇಬ್ಬರೂ ಹೊಸ ಚಾಕಿನ ಮಾತನ್ನೇ ಆಡುತ್ತಿದ್ದೀರಿ. ಹಳೆಯ ಶ್ರೇಡ್ ಕಂಪನಿಯ ಓಲ್ಡ್ ಟೈಮರ್ 8ಒಟಿ ಎಂಬ ಮೂರಲಗಿನ ಚಾಕನ್ನು ಕೈಯಲ್ಲಿ ಹಿಡಿದವರು ಹೀಗೆ ಮಾತನಾಡಲಾರರು. ಅದು 1095 ಉಕ್ಕಿನದು, ಸುಮಾರು 0.95 ಪ್ರತಿಶತ ಇಂಗಾಲವಿರುವ ಸರಳವಾದ ಉಕ್ಕು. ಮಡಚಿದಾಗ ನಾಲ್ಕು ಅಂಗುಲಕ್ಕೆ ಸಮೀಪವಿರುವ, ಕಂದು ಪ್ಲಾಸ್ಟಿಕ್ಕಿನ ಮೇಲೆ ಗರಗಸದ ಗೀರು ಎಳೆದ ಹಿಡಿ. ಅಮೆರಿಕದ ಆ ಕಾರ್ಖಾನೆ 2004ರಲ್ಲಿ ಮುಚ್ಚಿತು. ಆನಂತರ ಅದೇ ಹೆಸರಿನಲ್ಲಿ ಚೀನಾದಿಂದ ಬಂದದ್ದು ಸ್ಟೇನ್‌ಲೆಸ್. ಆದ್ದರಿಂದ ಅಲಗಿನ ಬುಡದಲ್ಲಿ ಯು.ಎಸ್.ಎ. ಎಂಬ ಮುದ್ರೆಯಿಲ್ಲದಿದ್ದರೆ ಮುಟ್ಟಬೇಡಿ.

ನಾನು ತರಿಸಿಕೊಂಡ ಲೆಕ್ಕ ಹೀಗಿದೆ. ಚಾಕಿಗೆ 5,600, ಸಾಗಣೆಗೆ 2,400, ಸುಂಕಕ್ಕೆ 3,150, ಕೊರಿಯರ್‌ನವರು ಕಾಗದಪತ್ರದ ಶುಲ್ಕವೆಂದು ಬಾಗಿಲಲ್ಲಿ ವಸೂಲು ಮಾಡಿದ್ದು 590. ಒಟ್ಟು 11,740 ರೂಪಾಯಿ. ಮಾರಿದವರು ಅಲಗುಗಳು ಸವೆಯದೆ ಪೂರ್ತಿಯಾಗಿವೆ ಎಂದು ಬರೆದಿದ್ದರು. ಡಬ್ಬಿ ತೆರೆದು ನೋಡಿದರೆ ಕ್ಲಿಪ್ ಎಂಬ ಚೂಪು ಮೊನೆಯ ದೊಡ್ಡ ಅಲಗಿನ ತುದಿ ಮುರಿದಿತ್ತು, ಹೊಟ್ಟೆಯ ಭಾಗ ಮಸೆದು ಮಸೆದು ಒಳಕ್ಕೆ ಹೋಗಿತ್ತು. ಹಿಂದಿರುಗಿಸಲು ಮತ್ತೆ ಅಷ್ಟೇ ಸಾಗಣೆ ವೆಚ್ಚ ಕೇಳಿದರು. ಇಷ್ಟಾದರೂ ಉಳಿದೆರಡು ಅಲಗುಗಳ ಹರಿತವನ್ನು ನಾನು ಬಿಟ್ಟುಕೊಡಲಾರೆ. ಈಗಿನವುಗಳಲ್ಲಿ ಅದಕ್ಕೆ ಹತ್ತಿರ ಬರುವುದು ಪೆನ್ಸಿಲ್ವೇನಿಯದ ಟೈಟಸ್‌ವಿಲ್‌ನಲ್ಲಿ 2006ರಿಂದ ಕೆಲಸ ಮಾಡುತ್ತಿರುವ ಗ್ರೇಟ್ ಈಸ್ಟರ್ನ್ ಕಟ್ಲರಿಯವರ ಚಾಕು ಮಾತ್ರ, ಆದರೆ ಅದು ಎಂಟು ಸಾವಿರಕ್ಕೆ ಸಿಗುವುದಲ್ಲ.

ಸಿಂಧನೂರಿನಿಂದ

ಹನ್ನೊಂದು ಸಾವಿರ ಕೊಟ್ಟು ಮೊನೆ ಮುರಿದ ಚಾಕು ತರಿಸಿದ್ದನ್ನು ಇಷ್ಟು ಹೆಮ್ಮೆಯಿಂದ ಹೇಳುವುದನ್ನು ಓದಿ ನನಗೆ ಸಂಕಟವಾಯಿತು. ನಮ್ಮೂರಿನ ಕಮ್ಮಾರರು ಲಾರಿಯ ಕಮಾನ್ ಪಟ್ಟಿಯನ್ನು ಕುಲುಮೆಯಲ್ಲಿ ಬಡಿದು ಅಲಗು ಮಾಡಿಕೊಡುತ್ತಾರೆ, ಅದೂ ಕಾರ್ಬನ್ ಉಕ್ಕೇ. ಅಲಗಿಗೆ 350, ಜಾಲಿ ಕಟ್ಟಿಗೆಯ ಹಿಡಿಗೆ 80, ಒಟ್ಟು 430 ರೂಪಾಯಿ. ನಾನು ಭತ್ತದ ವ್ಯಾಪಾರದವನು. ಸುಗ್ಗಿಯಲ್ಲಿ ದಿನವಿಡೀ ಗೋಣಿಚೀಲದ ಹೊಲಿಗೆ ಬಿಚ್ಚುವುದೇ ಕೆಲಸ. ಮೂರಲಗಿನ ಚಾಕನ್ನು ನಾನೂ ಬಳಸಿ ನೋಡಿದ್ದೇನೆ. ತೌಡು, ಧೂಳು ಸಂದಿಯೊಳಗೆ ಹೊಕ್ಕು, ಎಣ್ಣೆಯೊಡನೆ ಬೆರೆತು ಗಟ್ಟಿಯಾಗಿ, ಅಲಗು ಪೂರ್ತಿ ಮಡಚದೆ ಮೊನೆ ಹೊರಗೆ ಉಳಿಯುತ್ತಿತ್ತು. ಒಮ್ಮೆ ಜೇಬಿಗೆ ಕೈ ಹಾಕಿದಾಗ ಉಗುರಿನ ಬುಡ ಸೀಳಿತು. ಈ ಚಾಕುಗಳಿಗೆ ಬೀಗವೂ ಇಲ್ಲ. ಸ್ಪ್ರಿಂಗಿನ ಬಿಗಿಯೊಂದನ್ನೇ ನಂಬಿ ಒತ್ತಿ ಕೆಲಸ ಮಾಡುವಂತಿಲ್ಲ. ಮಡಚದ ಒಂಟಿ ಅಲಗಿಗೆ ಈ ಯಾವ ಕಾಟವೂ ಇಲ್ಲ.

ಬಳ್ಳಾರಿಯಿಂದ

ಕಮಾನ್ ಪಟ್ಟಿಯಲ್ಲಿ ಇಂಗಾಲವಿರುವುದು 0.6 ಪ್ರತಿಶತದ ಆಸುಪಾಸು. ಪೆಟ್ಟಿಗೆ ಅದು ಗಟ್ಟಿ, ಮಚ್ಚಿಗೆ, ಕುಡುಗೋಲಿಗೆ ಉತ್ತಮ, ನಾನು ಅಲ್ಲಗಳೆಯುವುದಿಲ್ಲ. ತೆಳ್ಳಗಿನ ಅಲಗಿನ ಹರಿತದಲ್ಲಿ ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಡಬೇಡಿ. ಇನ್ನು, ನನ್ನ ದುಡ್ಡಿನ ವಿಷಯದಲ್ಲಿ ತಾವು ಸಂಕಟಪಡುವ ಅಗತ್ಯವಿಲ್ಲ.

ಸಿಂಧನೂರಿನಿಂದ

ಕುಲುಮೆಯ ಮುಂದೆ ನಿಂತು ಉಕ್ಕಿನ ಹದ ನೋಡದವರು ಪ್ರತಿಶತ ಹೇಳುತ್ತಾರೆ. ತಲೆಮಾರುಗಳಿಂದ ಹದ ಹಾಕಿದ ಕೈಗಳನ್ನು ತಕ್ಕಡಿಗೆ ಹಾಕುವುದು ನಿಮ್ಮಿಂದಾಗದು.

ಕೊಪ್ಪಳದಿಂದ, ನಿವೃತ್ತ ಪಶುವೈದ್ಯರು

ಮೂರನೆಯ ಅಲಗಿನ ಬಳಕೆಯ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಸ್ಪೇ ಅಲಗು ಹುಟ್ಟಿದ್ದೇ ಜಾನುವಾರುಗಳ ಬೀಜ ತೆಗೆಯುವುದಕ್ಕೆ. ಒಳಗಿನ ಅಂಗಕ್ಕೆ ಚುಚ್ಚದಿರಲೆಂದು ಅದರ ಮೊನೆಯನ್ನು ಮೊಂಡು ಮಾಡಿದ್ದಾರೆ. ದಯವಿಟ್ಟು ಯಾರೂ ಅದನ್ನು ಆ ಕೆಲಸಕ್ಕೆ ಬಳಸಬೇಡಿ. ನಾನು ಸೇವೆಯಲ್ಲಿದ್ದಾಗ ಜೇಬಿನ ಚಾಕಿನಿಂದ ಬೀಜ ಒಡೆದ ಟಗರುಗಳು ಗಾಯ ಕೀವಾಗಿ, ಹುಳು ಬಿದ್ದು, ಧನುರ್ವಾಯುವಿನಿಂದ ಸೆಟೆದು ಸತ್ತದ್ದನ್ನು ಕಣ್ಣಾರೆ ಕಂಡಿದ್ದೇನೆ. ಬರ್ಡಿಜೊ ಇಕ್ಕಳ ಚರ್ಮ ಸೀಳದೆ ಹೊರಗಿನಿಂದಲೇ ನಾಳವನ್ನು ಜಜ್ಜುತ್ತದೆ, ರಕ್ತ ಬರುವುದಿಲ್ಲ. ಪಶು ಆಸ್ಪತ್ರೆಗೆ ಕರೆದೊಯ್ಯಿರಿ. ಸ್ಪೇ ಅಲಗು ಚರ್ಮ ಸುಲಿಯುವುದಕ್ಕೆ ಬಹಳ ಒಳ್ಳೆಯದು, ಮೊಂಡು ಮೊನೆ ಚರ್ಮವನ್ನು ತೂತು ಮಾಡುವುದಿಲ್ಲ.

ಮಸ್ಕಿಯಿಂದ

ಡಾಕ್ಟರ್ ಸಾಹೇಬರೇ, ನಮ್ಮ ಅಜ್ಜ ಬದುಕಿನುದ್ದಕ್ಕೂ ಚೂರಿಯಿಂದಲೇ ಬೀಜ ಒಡೆದರು, ಬೂದಿ, ಅರಿಶಿನ ಹಚ್ಚಿ ಬಿಡುತ್ತಿದ್ದರು. ಅವರನ್ನು ಅಜ್ಞಾನಿಯೆಂದು ಹೇಳಿದಂತಾಯಿತು.

ಕೊಪ್ಪಳದಿಂದ

ತಮ್ಮ ಅಜ್ಜನವರ ಮೇಲೆ ನನಗೆ ಗೌರವವಿದೆ. ಸತ್ತ ಕುರಿಗಳ ಲೆಕ್ಕವನ್ನು ಆಗ ಯಾರೂ ಬರೆದಿಡಲಿಲ್ಲ ಎಂಬುದಷ್ಟೇ ನನ್ನ ಮಾತು. ಕುರಿಯ ಪ್ರಾಣದ ವಿಷಯದಲ್ಲಿ ನಾನು ಮೆತ್ತಗೆ ಮಾತನಾಡಲಾರೆ.

ಲಿಂಗಸುಗೂರಿನಿಂದ (ಕೇಳಿದವರು)

ಎಲ್ಲರಿಗೂ ವಂದನೆಗಳು. ಹಿಡಿ ಮೂಳೆಯದಿರಲೋ ಹಳದಿಯದಿರಲೋ ಎಂಬುದು ಇನ್ನೂ ತಿಳಿಯಲಿಲ್ಲ. ವಿಮಾನದಲ್ಲಿ ತರುವುದಕ್ಕೆ ತೊಡಕಿದೆಯೇ?

ಬಳ್ಳಾರಿಯಿಂದ

ಹಳದಿಯನ್ನೇ ತರಿಸಿ. ಮೂಳೆಯ ಹಿಡಿ ನಮ್ಮ ಬೇಸಿಗೆಯ ಒಣಬಿಸಿಲಿಗೆ ಮೊಳೆಯ ಸುತ್ತ ಸೀಳುತ್ತದೆ, ಹಳದಿಯಾದರೆ ಎರೆಹೊಲದಲ್ಲಿ ಬಿದ್ದರೂ ಕಣ್ಣಿಗೆ ಬೀಳುತ್ತದೆ. ಕೇಸ್ ಕಂಪನಿಯ ಒಂದೇ ಮಾದರಿ ಸ್ಟೇನ್‌ಲೆಸ್‌ನಲ್ಲೂ ಬರುವುದರಿಂದ ಸಂಖ್ಯೆಯ ಕೊನೆಯಲ್ಲಿ ಸಿವಿ ಇದೆಯೇ ನೋಡಲು ಹೇಳಿ. ಕೈಚೀಲದಲ್ಲಿ ಚಾಕು ಬಿಡುವುದಿಲ್ಲ, ಚೆಕ್‌ಇನ್ ಪೆಟ್ಟಿಗೆಯಲ್ಲೇ ಇಡಬೇಕು. ನಮ್ಮಲ್ಲಿ ಪರವಾನಗಿ ಕೇಳುವುದು 9 ಅಂಗುಲಕ್ಕಿಂತ ಉದ್ದದ ಅಥವಾ 2 ಅಂಗುಲಕ್ಕಿಂತ ಅಗಲದ ಅಲಗಿಗೆ, ಇದರ ಅಲಗು ಅದರ ಅರ್ಧದಷ್ಟೂ ಇಲ್ಲ. ಮೂರು ಅಲಗುಗಳು ಎರಡೇ ಸ್ಪ್ರಿಂಗಿನ ಮೇಲೆ ಕೂರುವ ಮಾದರಿಯಾದ್ದರಿಂದ, ಕೊಳ್ಳುವಾಗ ಒಂದೊಂದನ್ನೂ ತೆರೆದು ಮಡಚಿ, ಒಂದಕ್ಕೊಂದು ಉಜ್ಜುತ್ತಿದೆಯೇ, ತೆರೆದಾಗ ಅಕ್ಕಪಕ್ಕ ಅಲ್ಲಾಡುತ್ತಿದೆಯೇ ನೋಡಲಿ.

ಕುಷ್ಟಗಿಯಿಂದ

ನಿಂಬೆ ತೋಟವಿದೆಯೆಂದು ಬರೆದಿದ್ದಾರೆ, ಅದಕ್ಕೆ ಯಾರೂ ಉತ್ತರಿಸಲಿಲ್ಲ. ಕಾರ್ಬನ್ ಉಕ್ಕಿಗೆ ನಿಂಬೆರಸ ತಾಗಿದರೆ ಒರೆಸುವ ಮೊದಲೇ ಕಪ್ಪು ಕಲೆ ಬೀಳುತ್ತದೆ. ಹಣ್ಣಿಗೆ ಒಂದು ಚಾಕು, ಕುರಿಗೆ ಒಂದು ಚಾಕು ಇಟ್ಟುಕೊಳ್ಳಿ, ಹಣ್ಣಿನದು ಸ್ಟೇನ್‌ಲೆಸ್ ಇರಲಿ.

ಮಸ್ಕಿಯಿಂದ

ಆ ಕಪ್ಪು ಕಲೆಯೇ ಮುಂದೆ ಕೆಂಪು ತುಕ್ಕನ್ನು ತಕ್ಕಮಟ್ಟಿಗೆ ತಡೆಯುತ್ತದೆ. ರಸ ತಾಗಿದೊಡನೆ ತೊಳೆದು, ಒರೆಸಿ, ಸಂದಿಗೆ ಒಂದು ಹನಿ ಹೊಲಿಗೆ ಯಂತ್ರದ ಎಣ್ಣೆ ಬಿಡಿ. ಕೊಬ್ಬರಿ ಎಣ್ಣೆ ಬೇಡ, ಅದು ದಿನ ಕಳೆದಂತೆ ಅಂಟಾಗುತ್ತದೆ. ಕುಷ್ಟಗಿಯವರು ಟ್ರಂಕಿನಲ್ಲಿಟ್ಟ ಚಾಕನ್ನು ಮಾರುವುದಾದರೆ ತಿಳಿಸಲಿ, ನೀಲಿಯಾದ ಬಾಯಿಯಷ್ಟನ್ನು ಕಲ್ಲಿನ ಮೇಲೆ ನಿಧಾನವಾಗಿ ಸವೆಸಿ ತೆಗೆದರೆ ಒಳಗಿನ ಉಕ್ಕು ಇನ್ನೂ ಒಳ್ಳೆಯದಿರುತ್ತದೆ.

ಕುಷ್ಟಗಿಯಿಂದ

ಮಾರುವುದಿಲ್ಲ.