ಸ್ಕೆಚ್ ಪೆನ್, 11ಇ ಸ್ಕೆಚ್, ಕೊಲೆಗೆ ಸ್ಕೆಚ್: ಮೂರೂ ಒಂದೇ ಪದವಾ?

ಪ್ರಶ್ನೆ: ನಮಸ್ಕಾರ ಮೇಡಂ. ಕುಷ್ಟಗಿಯಲ್ಲಿ ನನ್ನದೊಂದು ಝೆರಾಕ್ಸ್ ಅಂಗಡಿ ಇದೆ. ನಿನ್ನೆ ಬೆಳಿಗ್ಗೆ ಒಬ್ಬ ರೈತರು 11ಇ ಸ್ಕೆಚ್, ಅಂದರೆ ಹೊಲ ಅಳೆದು ಕೊಡುವ ಸರ್ಕಾರಿ ಹಾಳೆ, ಝೆರಾಕ್ಸ್ ಮಾಡಿಸಲು ಬಂದರು. ಅವರ ಹಿಂದೆಯೇ ಒಂದು ಹುಡುಗಿ ಬಂದು ಸ್ಕೆಚ್ ಪೆನ್ ಕೇಳಿದಳು. ಕೌಂಟರ್ ಮೇಲಿದ್ದ ಪೇಪರಿನಲ್ಲಿ ‘ಆಸ್ತಿಗಾಗಿ ಕೊಲೆಗೆ ಸ್ಕೆಚ್’ ಅಂತ ಹೆಡ್ಡಿಂಗ್ ಇತ್ತು. ಅವಳು ಅದನ್ನು ಓದಿ, “ಕಾಕಾ, ಕೊಲೆ ಮಾಡೋರು ಚಿತ್ರಾನೂ ಬರೀತಾರಾ?” ಅಂದಳು. ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ನೀವು ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವವರು, ಸ್ವಲ್ಪ ಬಿಡಿಸಿ ಹೇಳಿ.

ಉತ್ತರ: ಪದ ಒಂದೇ ರೀ. ಹುಡುಗಿ ಕೇಳಿದ್ದು ಸರಿಯಾಗಿಯೇ ಇದೆ.

ಇಂಗ್ಲಿಷಿಗೆ ಈ ಪದ ಬಂದದ್ದು 17ನೇ ಶತಮಾನದಲ್ಲಿ, ಡಚ್ಚರಿಂದ. ಆಗ ಹಾಲೆಂಡಿನ ಚಿತ್ರಕಾರರ ಹೆಸರು ಜೋರಾಗಿತ್ತು. ಅವರ ಕಸುಬಿನ ಮಾತುಗಳೂ ಇಂಗ್ಲಿಷಿಗೆ ಬಂದವು. ಲ್ಯಾಂಡ್‌ಸ್ಕೇಪ್ ಕೂಡ ಡಚ್ ಪದವೇ. ಚಿತ್ರ ಇಡುವ ಸ್ಟ್ಯಾಂಡಿಗೆ ಈಸೆಲ್ ಅಂತೀವಲ್ಲ, ಡಚ್ಚಿನಲ್ಲಿ ಅದಕ್ಕೆ ಕತ್ತೆ ಅಂತ ಅರ್ಥ. ಭಾರ ಹೊರುತ್ತೆ ಅಲ್ವಾ, ಅದಕ್ಕೆ. ಈ ಹೆಸರು ನನಗೆ ಬಹಳ ಇಷ್ಟ.

ಡಚ್ಚರಿಗೆ ಸ್ಕೆಚ್ ಸಿಕ್ಕಿದ್ದು ಇಟಲಿಯ ‘ಸ್ಕಿಟ್ಸೊ’ದಿಂದ. ಇಟಲಿಯವರಿಗೆ ಈಗಲೂ ಸ್ಕಿಟ್ಸೊ ಅಂದರೆ ಬೇಗ ಗೀಚಿದ ಚಿತ್ರವೂ ಹೌದು, ಚಿಮ್ಮಿದ ಹನಿಯೂ ಹೌದು. ಕೆಲವು ನಿಘಂಟುಗಳು ಇನ್ನೂ ಹಿಂದಕ್ಕೆ, ಗ್ರೀಕಿನ ‘ಸ್ಖೆದಿಯೋಸ್’ ತನಕ ಹೋಗುತ್ತವೆ. ಅಂದರೆ ತಯಾರಿ ಇಲ್ಲದೆ ಆಗಿಂದಾಗ ಮಾಡಿದ್ದು. ಬಣ್ಣ ಹಚ್ಚುವ ಮುಂಚೆ ಚಿತ್ರಕಾರ ನಾಲ್ಕು ಗೆರೆ ಎಳೆದು ನೋಡುತ್ತಾನಲ್ಲ, ಅದೇ ಸ್ಕೆಚ್. ನಿಜವಾದ ಕೆಲಸ ಮುಂದೆ ಇದೆ.

ಆ ‘ಮುಂಚೆ’ ಅನ್ನುವುದನ್ನು ಹಿಡಿದುಕೊಳ್ಳಿ. ನಿಮ್ಮ ರೈತರ ಹಾಳೆ ನೋಡಿ. ಒಂದು ಸರ್ವೆ ನಂಬರಿನಲ್ಲಿ ಸ್ವಲ್ಪ ಭಾಗ ಮಾರಬೇಕಾದರೆ, ನೋಂದಣಿಗೆ ಮುಂಚೆಯೇ ಸರ್ವೇಯರ್ ಅಳೆದು ಗೆರೆ ಹಾಕಿಕೊಡಬೇಕು. ಮಾರುವ ತುಂಡು ಯಾವುದು, ಉಳಿಯುವುದು ಯಾವುದು, ಎಷ್ಟು ಎಕರೆ, ಎಷ್ಟು ಗುಂಟೆ, ಎಲ್ಲಾ ಅದರಲ್ಲಿರುತ್ತದೆ. ಅವಸರದಲ್ಲಿ ಗೀಚಿದ್ದಲ್ಲ ಅದು, ಅಳತೆ ಹಿಡಿದು ಮಾಡಿದ್ದು. ಅವಸರದ ಅರ್ಥ ಹೋಯಿತು, ‘ಮುಂಚೆ’ ಉಳಿಯಿತು.

ಕೊಲೆಯ ಸ್ಕೆಚ್ಚೂ ಕೃತ್ಯಕ್ಕೆ ಮುಂಚಿನದೇ. ಇಂಗ್ಲಿಷಿನಲ್ಲೂ ಒಂದು ಯೋಜನೆಯನ್ನು ಮೇಲೆ ಮೇಲೆ ವಿವರಿಸುವುದಕ್ಕೆ ಸ್ಕೆಚ್ ಅನ್ನುತ್ತಾರೆ. ಆದರೆ ‘ಸ್ಕೆಚ್ ಹಾಕು’ ಅಂದರೆ ಸಂಚು ಮಾಡು ಅನ್ನುವ ಅರ್ಥ ನಮ್ಮ ಕಡೆ ಬೆಳೆದದ್ದು. ಆ ಹೆಡ್ಡಿಂಗನ್ನು ಪದಕ್ಕೆ ಪದ ಇಂಗ್ಲಿಷಿಗೆ ತಂದರೆ, ಓದಿದವರು ನಿಮ್ಮ ಹುಡುಗಿಯ ಹಾಗೆಯೇ ಚಿತ್ರ ಅಂದುಕೊಳ್ಳುತ್ತಾರೆ.

ಇನ್ನೊಬ್ಬರು: ಮೇಡಂ, ಶಾಲೆ ಗ್ಯಾದರಿಂಗಿನಲ್ಲಿ ಮಕ್ಕಳು ಮಾಡುವ ಸ್ಕಿಟ್ಟೂ ಇದರದೇ ಚಿಕ್ಕ ರೂಪವಾ?

ಉತ್ತರ: ಅಲ್ಲ. ಸುಮ್ನೆ ನೋಡಿದರೆ ಅಣ್ಣ ತಮ್ಮ ಅನ್ನಿಸುತ್ತದೆ, ನೆಂಟಸ್ತನ ಇಲ್ಲ. ಸ್ಕಿಟ್ ಅಂದರೆ ಮೊದಲು ಚುಚ್ಚುಮಾತು. ಆಮೇಲೆ ಅಣಕದ ಆಟ ಆಯಿತು. ಚಿಕ್ಕ ಹಾಸ್ಯ ಪ್ರಸಂಗಕ್ಕೆ ಸ್ಕೆಚ್ ಅಂತಲೂ ಇಂಗ್ಲಿಷಿನಲ್ಲಿ ಹೇಳುತ್ತಾರೆ, ಅದಕ್ಕೇ ಗೊಂದಲ.

ರಾಯಚೂರಿನಿಂದ ಒಬ್ಬ ಹಿರಿಯರು: ತಂಗಿ, ನಮ್ಮಪ್ಪನ ಕಾಲಕ್ಕೆ ಯಾರೂ ಹೊಲದ ಸ್ಕೆಚ್ ಅನ್ನುತ್ತಿರಲಿಲ್ಲ. ನಕಾಶೆ ಅನ್ನುತ್ತಿದ್ದರು.

ಉತ್ತರ: ಹೌದ್ರೀ ಅಣ್ಣಾರ, ಅದೂ ಚಿತ್ರದ ಪದವೇ. ಅರಬ್ಬಿಯಲ್ಲಿ ‘ನಕ್ಷ್’ ಅಂದರೆ ಬರೆದದ್ದು, ಕೆತ್ತಿದ್ದು. ಪಾರಸಿ, ಉರ್ದು ಮೂಲಕ ನಮಗೆ ಬಂತು. 1948ರವರೆಗೆ ರಾಯಚೂರು, ಕೊಪ್ಪಳ ಎರಡೂ ನಿಜಾಮರ ಆಳ್ವಿಕೆಯಲ್ಲಿದ್ದವು, ಸರ್ಕಾರದ ಕಾಗದವೆಲ್ಲ ಉರ್ದುವಿನಲ್ಲಿ ನಡೆಯುತ್ತಿತ್ತು. ನಕಾಶೆಯಾದರೂ ಸ್ಕೆಚ್ ಆದರೂ, ಹೊಲದ ಹಾಳೆಗೆ ಹೆಸರು ಬಂದದ್ದು ಚಿತ್ರ ಬರೆಯುವವರಿಂದಲೇ. ಈ ಪದ ನೆನಪು ಮಾಡಿಕೊಟ್ಟದ್ದು ಬಹಳ ಖುಷಿಯಾಯಿತು.

ಪ್ರಶ್ನೆ ಕೇಳಿದವರು: ಹಾಗಾದರೆ ಸ್ಕೆಚ್ ಪೆನ್ನು?

ಉತ್ತರ: ಆ ಹೆಸರು ನಮ್ಮ ದೇಶದ ಬಳಕೆ. ಇಂಗ್ಲೆಂಡಿನ ಅಂಗಡಿಯಲ್ಲಿ ಫೆಲ್ಟ್ ಟಿಪ್ ಅಂತ ಕೇಳಬೇಕು. ಫೆಲ್ಟ್ ಅಂದರೆ ನೇಯದೆ, ಒತ್ತಿ ಒತ್ತಿ ಗಟ್ಟಿ ಮಾಡಿದ ಉಣ್ಣೆ. ಮೊದಲು ಅದರಲ್ಲೇ ತುದಿ ಮಾಡುತ್ತಿದ್ದರು, ಈಗ ನೈಲಾನಿನಂಥ ಕೃತಕ ಎಳೆ ಜಾಸ್ತಿ. ಹುಡುಗಿ ಮತ್ತೆ ಬಂದರೆ ಒಂದು ಹಳೇ ಪೆನ್ನಿನ ಮುಚ್ಚಳ ತೆಗೆದು ತುದಿ ತೋರಿಸಿ. ಸವೆದು ಎಳೆ ಎಳೆ ಬಿಟ್ಟಿರುತ್ತದೆ, ಅವಳಿಗೇ ಕಾಣುತ್ತದೆ.